ಹಿಮಕರಡಿಯ ನೋಟು: ಗ್ರೀನ್‌ಲ್ಯಾಂಡಿನ ಹಳೆಯ ದುಡ್ಡನ್ನು ಓದುವುದು, ಕೂಡಿಡುವುದು

ಹಸಿರು ಬಣ್ಣದ ಒಂದು ನೋಟು. ಅದರಲ್ಲಿ ಮಂಜಿನ ಮೇಲೆ ನಡೆದು ಹೋಗುತ್ತಿರುವ ಹಿಮಕರಡಿ. ಬೆಲೆ ಡೆನ್ಮಾರ್ಕಿನ ಲೆಕ್ಕದಲ್ಲಿ 5 ಕ್ರೋನರ್. ರಾಜನ ಮುಖ ಇಲ್ಲ. ಎಷ್ಟು ಹುಡುಕಿದರೂ ಇಸವಿ ಇಲ್ಲ. ಯಾವ ಬ್ಯಾಂಕಿನ ಹೆಸರೂ ಇಲ್ಲ. ಬ್ಯಾಂಕಿನ ಹೆಸರು ಇರಬೇಕಾದ ಜಾಗದಲ್ಲಿ 'ಗ್ರೋನ್‌ಲಾಂಡ್ಸ್ ಸ್ಟ್ಯುರೆಲ್ಸೆ', ಅಂದರೆ ಗ್ರೀನ್‌ಲ್ಯಾಂಡ್ ಆಡಳಿತ ಕಚೇರಿಯ ಹೆಸರಿದೆ. ಇದೇ ಕರಡಿ ಇರುವ ಇನ್ನೊಂದು ನೋಟಿನಲ್ಲಿ ಆ ಜಾಗಕ್ಕೆ ಒಂದು ವ್ಯಾಪಾರ ಸಂಸ್ಥೆಯ ಹೆಸರು ಬಂದಿದೆ.

ಗ್ರೀನ್‌ಲ್ಯಾಂಡಿನ ಹಳೆಯ ನೋಟುಗಳನ್ನು ಅರ್ಥ ಮಾಡಿಕೊಳ್ಳಲು ಇಲ್ಲಿಂದಲೇ ಶುರು ಮಾಡಬೇಕು. ಇವು ನಮಗೆ ಗೊತ್ತಿರುವ ರೀತಿಯ ಒಂದು ದೇಶದ ನೋಟುಗಳಲ್ಲ. ಒಂದು ಅಂಗಡಿಯ ನೋಟುಗಳು. ಆ ಅಂಗಡಿ ಒಂದು ಇಡೀ ದ್ವೀಪದಷ್ಟು ದೊಡ್ಡದು, ಅಷ್ಟೇ. ಈ ನೋಟು ಎಷ್ಟು ಅಪರೂಪ, ಯಾವ ಕಾಲದ್ದು, ಅಸಲಿಯೋ ನಕಲಿಯೋ ಎಂಬ ಪ್ರಶ್ನೆಗಳೆಲ್ಲ ಕೊನೆಗೆ ಬಂದು ನಿಲ್ಲುವುದು ಒಂದೇ ಕಡೆ: ಇದು ಯಾರ ಅಂಗಡಿಯದು?

ಮೊದಲು ಆ ಅಂಗಡಿ ಹೇಗೆ ಹುಟ್ಟಿತು ನೋಡೋಣ. 1721ರಲ್ಲಿ ಹಾನ್ಸ್ ಎಗೆಡೆ ಎಂಬ ಪಾದ್ರಿ ನಾರ್ವೆಯಿಂದ ಹಡಗಿನಲ್ಲಿ ಗ್ರೀನ್‌ಲ್ಯಾಂಡಿನ ಪಶ್ಚಿಮ ಕರಾವಳಿಗೆ ಬಂದಿಳಿದ. ಡೆನ್ಮಾರ್ಕ್ ಮತ್ತು ನಾರ್ವೆ ಆಗ ಒಬ್ಬನೇ ರಾಜನ ಕೈಯಲ್ಲಿದ್ದವು. ಎಗೆಡೆಯ ಹಿಂದೆಯೇ ವ್ಯಾಪಾರವೂ ಬಂತು. ಒಂದೆರಡು ಕಂಪನಿಗಳು ಕೈಸುಟ್ಟುಕೊಂಡ ಮೇಲೆ, 1774ರಲ್ಲಿ ರಾಜನೇ ಒಂದು ವ್ಯಾಪಾರ ಸಂಸ್ಥೆ ಮಾಡಿದ. ರಾಯಲ್ ಗ್ರೀನ್‌ಲ್ಯಾಂಡ್ ಟ್ರೇಡ್ ಎಂದು ಅದನ್ನು ಕರೆಯಬಹುದು. ಡ್ಯಾನಿಶ್ ಹೆಸರಿನ ಮೊದಲ ಅಕ್ಷರ ಹಿಡಿದು ಸಂಗ್ರಾಹಕರು ಅದಕ್ಕೆ ಕೆಜಿಎಚ್ ಅನ್ನುತ್ತಾರೆ. 1776ರಿಂದ ಗ್ರೀನ್‌ಲ್ಯಾಂಡಿನ ಪೂರ್ತಿ ವ್ಯಾಪಾರ ಈ ಒಂದೇ ಸಂಸ್ಥೆಯ ಕೈಗೆ ಹೋಯಿತು. ಬೇರೆ ಯಾರೂ ಅಲ್ಲಿ ಏನನ್ನೂ ಕೊಳ್ಳುವಂತಿರಲಿಲ್ಲ, ಮಾರುವಂತಿರಲಿಲ್ಲ. ಈ ಏಕಸ್ವಾಮ್ಯ ಕೊನೆಗೊಂಡಿದ್ದು 1950ರಲ್ಲಿ. ಅಂದರೆ ನಮ್ಮ ಸಂವಿಧಾನ ಜಾರಿಗೆ ಬಂದ ವರ್ಷದವರೆಗೂ ಗ್ರೀನ್‌ಲ್ಯಾಂಡಿನಲ್ಲಿ ಅಧಿಕೃತವಾಗಿ ಇದ್ದದ್ದು ಹೆಚ್ಚುಕಡಿಮೆ ಒಂದೇ ಅಂಗಡಿ.

ಬೇಟೆಗಾರ ಸೀಲ್ ಹೊಡೆದು ತರುತ್ತಿದ್ದ. ಸೀಲ್‌ನ ಚರ್ಮದ ಕೆಳಗಿನ ದಪ್ಪ ಕೊಬ್ಬು ಯುರೋಪಿನಲ್ಲಿ ದೀಪದ ಎಣ್ಣೆಯಾಗುತ್ತಿತ್ತು. ಅದಕ್ಕೆ ಬೇಡಿಕೆ ಜೋರಾಗಿತ್ತು. ಕೊಬ್ಬು, ಸೀಲ್ ಚರ್ಮ, ನರಿಯ ತುಪ್ಪಳ, ಈಡರ್ ಬಾತಿನ ಮೆತ್ತನೆಯ ಪುಕ್ಕ, ಇವನ್ನೆಲ್ಲ ಅಂಗಡಿಗೆ ಕೊಟ್ಟು ಚಾಕು, ಬಟ್ಟೆ, ಮದ್ದುಗುಂಡು, ತಂಬಾಕು, ಕಾಫಿ ಒಯ್ಯುತ್ತಿದ್ದರು. ಮೊದಮೊದಲು ಎಲ್ಲ ಕೈಗೆ ಕೈ ವಿನಿಮಯ. ಆದರೆ ಇದರಲ್ಲಿ ಒಂದು ತೊಡಕಿತ್ತು. ಇವತ್ತು ಕೊಬ್ಬು ತಂದವನಿಗೆ ಬೇಕಾದ ಸಾಮಾನು ಇವತ್ತು ಅಂಗಡಿಯಲ್ಲಿ ಇಲ್ಲದೇ ಇರಬಹುದು. ಯುರೋಪಿನಿಂದ ಹಡಗು ಬರುವುದು ಸಮುದ್ರದ ಮಂಜು ಕರಗಿದಾಗ ಮಾತ್ರ. ಅಲ್ಲಿಯವರೆಗೆ ಲೆಕ್ಕ ಎಲ್ಲಿಡೋದು? ಒಂದು ಚೀಟಿ ಬರೆದುಕೊಟ್ಟರೆ ಕೆಲಸ ಸಲೀಸು. 19ನೇ ಶತಮಾನದ ಆರಂಭದಲ್ಲಿ, 1803ರ ಸುಮಾರಿಗೆ, ಅಂಥ ಚೀಟಿಗಳೇ ಗ್ರೀನ್‌ಲ್ಯಾಂಡಿನ ಮೊದಲ ಕಾಗದದ ದುಡ್ಡಾದವು.

ಡೆನ್ಮಾರ್ಕಿನ ಮಾಮೂಲಿ ನೋಟನ್ನೇ ಅಲ್ಲೂ ಓಡಿಸಬಹುದಿತ್ತಲ್ವಾ ಅಂತ ಕೇಳಬಹುದು. ಓಡಿಸಬಹುದಿತ್ತು. ಆದರೆ ಬೇಕಂತಲೇ ಓಡಿಸಲಿಲ್ಲ. ಡ್ಯಾನಿಶ್ ಸರ್ಕಾರ ಗ್ರೀನ್‌ಲ್ಯಾಂಡನ್ನು ಹೊರಗಿನವರಿಗೆ ಮುಚ್ಚಿಟ್ಟಿತ್ತು. ಹೊರಗಿನ ಹಡಗು ಬಂದು ವ್ಯಾಪಾರ ಮಾಡುವ ಹಾಗಿರಲಿಲ್ಲ. ಕೊಬ್ಬಿಗೆ ಎಷ್ಟು ಕೊಡಬೇಕು, ಕಾಫಿಗೆ ಎಷ್ಟು ತೆಗೆದುಕೊಳ್ಳಬೇಕು ಎರಡನ್ನೂ ಸಂಸ್ಥೆಯೇ ತೀರ್ಮಾನಿಸುತ್ತಿತ್ತು. ಈ ಬೆಲೆಗಳಿಗೂ ಕೋಪನ್‌ಹೇಗನ್ ಮಾರುಕಟ್ಟೆಯ ಬೆಲೆಗಳಿಗೂ ನೇರ ಸಂಬಂಧ ಇರಲಿಲ್ಲ. ಇಂಥ ಮುಚ್ಚಿದ ಲೆಕ್ಕಕ್ಕೆ ಮುಚ್ಚಿದ ದುಡ್ಡೇ ಬೇಕು. ಗ್ರೀನ್‌ಲ್ಯಾಂಡಿನ ನೋಟು ಬೇರೆಲ್ಲೂ ನಡೆಯದ ಕಾಗದ. ಹೊರಗಿನ ನಾವಿಕ ಅದನ್ನು ತಗೊಂಡು ಮಾಡುವುದೇನೂ ಇಲ್ಲ.

ಇದನ್ನು ಕೆಲವರು ರಕ್ಷಣೆ ಎಂದು ಕರೆದರು. ಹೊರಗಿನ ವ್ಯಾಪಾರಿಗಳು ಬಂದು ಬೇಟೆಗಾರರನ್ನು ದೋಚದಂತೆ ತಡೆಯುವುದು ಉದ್ದೇಶ ಎಂಬುದು ಅವರ ವಾದ. ಅದರಲ್ಲಿ ನಿಜ ಇಲ್ಲ ಅಂತ ನಾನು ಹೇಳಲಾರೆ. ಆದರೆ ದುಡಿದವನು ದುಡಿಮೆಯನ್ನು ಒಂದೇ ಅಂಗಡಿಯಲ್ಲಿ ಖರ್ಚು ಮಾಡಬೇಕು, ಬೆಲೆ ಹೇಳುವವನೂ ಅದೇ ಅಂಗಡಿಯವನು ಅಂದರೆ, ಅದು ಹಿಡಿತವೇ. ನೋಟು ಎಷ್ಟೇ ಚೆಂದ ಇರಲಿ, ಈ ಮಾತನ್ನು ಬಿಟ್ಟು ಅದರ ಬಗ್ಗೆ ಬರೆಯುವುದು ಅರ್ಧ ಸತ್ಯ ಬರೆದಂತೆ.

ಒಂದು ಪ್ರದೇಶಕ್ಕೇ ಸೀಮಿತವಾದ ನೋಟು ನಮಗೂ ಹೊಸದಲ್ಲ. ಕಲಬುರಗಿ, ಬೀದರ್, ರಾಯಚೂರು ಕಡೆಯ ಹಳೆಯ ಮನೆಗಳಲ್ಲಿ ಇವತ್ತಿಗೂ ಟ್ರಂಕಿನ ತಳದಲ್ಲಿ ನಿಜಾಮರ ಉಸ್ಮಾನಿಯಾ ಸಿಕ್ಕಾ ನೋಟು ಸಿಗುವುದುಂಟು. 1918ರಿಂದ ಹೈದರಾಬಾದ್ ಸಂಸ್ಥಾನ ತನ್ನದೇ ನೋಟು ಹೊರಡಿಸಿತು. ಅದರ ಬೆಲೆಯೂ ಬ್ರಿಟಿಷ್ ಭಾರತದ ರೂಪಾಯಿಯ ಬೆಲೆಯೂ ಬೇರೆ ಬೇರೆ. ಆದರೂ ಅದು ಒಂದು ಸಂಸ್ಥಾನದ ದುಡ್ಡು. ಯಾವ ಅಂಗಡಿಯಲ್ಲಿ ಬೇಕಾದರೂ ಖರ್ಚು ಮಾಡಬಹುದಿತ್ತು. ಗ್ರೀನ್‌ಲ್ಯಾಂಡಿನಲ್ಲಿ ಆ ಆಯ್ಕೆಯೂ ಇರಲಿಲ್ಲ.

ಹಳೆಯ ನೋಟುಗಳ ಮೇಲಿನ ಬೆಲೆ ನೋಡಿ ಹೊಸಬರು ಗೊಂದಲಕ್ಕೆ ಬೀಳುತ್ತಾರೆ. ಅದನ್ನು ಬೇಗ ಬಿಡಿಸಿಬಿಡೋಣ. 1870ರ ದಶಕಕ್ಕೆ ಮುಂಚಿನ ನೋಟುಗಳು ರಿಗ್ಸ್‌ಡಾಲರ್ ಮತ್ತು ಸ್ಕಿಲ್ಲಿಂಗ್ ಲೆಕ್ಕದವು. 96 ಸ್ಕಿಲ್ಲಿಂಗ್‌ಗೆ ಒಂದು ರಿಗ್ಸ್‌ಡಾಲರ್. 1873ರಲ್ಲಿ ಡೆನ್ಮಾರ್ಕ್ ಮತ್ತು ಸ್ವೀಡನ್ ಸೇರಿ ಒಂದು ನಾಣ್ಯ ಒಪ್ಪಂದ ಮಾಡಿಕೊಂಡವು, ಸ್ವಲ್ಪ ಸಮಯದ ನಂತರ ನಾರ್ವೆಯೂ ಸೇರಿತು. ಆಗ ಬಂದದ್ದು ಕ್ರೋನ (ಒಂದಕ್ಕಿಂತ ಹೆಚ್ಚಾದರೆ ಡ್ಯಾನಿಶ್‌ನಲ್ಲಿ ಕ್ರೋನರ್). ಒಂದು ರಿಗ್ಸ್‌ಡಾಲರ್‌ಗೆ ಎರಡು ಕ್ರೋನ, ಒಂದು ಕ್ರೋನಕ್ಕೆ 100 ಓರೆ. ಇದೇ ಬದಲಾವಣೆ ಗ್ರೀನ್‌ಲ್ಯಾಂಡಿನ ನೋಟುಗಳಲ್ಲೂ ಆಯಿತು. ಆದ್ದರಿಂದ ನೋಟಿನ ಮೇಲೆ ಸ್ಕಿಲ್ಲಿಂಗ್ ಕಂಡರೆ ಅದು ಹಳೆಯ ಲೆಕ್ಕ, ಓರೆ ಅಥವಾ ಕ್ರೋನ ಕಂಡರೆ ಹೊಸ ಲೆಕ್ಕ. ಇಸವಿ ಇಲ್ಲದಿದ್ದರೂ ಇಷ್ಟು ಸಾಕು ಕಾಲವನ್ನು ಎರಡು ಭಾಗ ಮಾಡಲು. ಸ್ಕಿಲ್ಲಿಂಗ್ ಕಾಲದ ನೋಟುಗಳು ನಮ್ಮಂಥ ಸಾಮಾನ್ಯ ಸಂಗ್ರಾಹಕರ ಕೈಗೆ ಸಿಗುವುದು ಕಷ್ಟ. ಅವು ಹೆಚ್ಚಾಗಿ ಮ್ಯೂಸಿಯಂ ಮತ್ತು ದೊಡ್ಡ ಹರಾಜುಗಳ ಮಾತು.

ನನಗೆ ತುಂಬಾ ಇಷ್ಟವಾದ ನೋಟುಗಳು 1910ರ ದಶಕದವು. ನಾಲ್ಕು ನೋಟು, ನಾಲ್ಕು ಪ್ರಾಣಿ. 25 ಓರೆಗೆ ಬಂಡೆಯ ಮೇಲೆ ಕೂತ ಈಡರ್ ಬಾತು. 50 ಓರೆಗೆ ಮಂಜಿನ ಮೇಲೆ ಮಲಗಿದ ಸೀಲ್. 1 ಕ್ರೋನಕ್ಕೆ ಹಿಮಸಾರಂಗ. 5 ಕ್ರೋನರ್‌ಗೆ ಹಿಮಕರಡಿ. ಸುಮ್ನೆ ಚೆಂದಕ್ಕೆ ಹಾಕಿದ ಚಿತ್ರ ಅಂತ ಮುಂದೆ ಹೋಗಬೇಡಿ. ನಾಲ್ಕೂ ಅಲ್ಲಿಯ ಜನ ಬೇಟೆಯಾಡುತ್ತಿದ್ದ ಪ್ರಾಣಿಗಳೇ. ಬಾತಿನ ಪುಕ್ಕ, ಸೀಲ್ ಕೊಬ್ಬು, ಸಾರಂಗದ ಚರ್ಮ, ಕರಡಿಯ ತೊಗಲು. ಬೇಟೆಗಾರ ಅಂಗಡಿಗೆ ಸೀಲ್ ಕೊಬ್ಬು ಕೊಟ್ಟು ಸೀಲ್ ಚಿತ್ರದ ನೋಟು ಇಸಿದುಕೊಳ್ಳುತ್ತಿದ್ದ. ದುಡ್ಡು ಎಲ್ಲಿಂದ ಬಂತು ಅನ್ನುವುದನ್ನು ಇಷ್ಟು ನೇರವಾಗಿ ಹೇಳುವ ನೋಟುಗಳನ್ನು ನಾನು ಬೇರೆ ಎಲ್ಲೂ ನೋಡಿಲ್ಲ.

ಈ ಸರಣಿಯಲ್ಲಿ ಇನ್ನೊಂದು ವಿಷಯ ಗಮನಿಸಿ. ಅತಿ ದೊಡ್ಡ ನೋಟು 5 ಕ್ರೋನರ್, ಅಷ್ಟೇ. ಅದಕ್ಕಿಂತ ದೊಡ್ಡದು ಯಾರಿಗೂ ಬೇಕಾಗಿರಲಿಲ್ಲ. ಕೈಯಲ್ಲಿ ಓಡಾಡುತ್ತಿದ್ದ ಹಣವೇ ಅಷ್ಟು ಕಡಿಮೆ.

ಮುಂದಿನ ನೋಟುಗಳನ್ನು ಒಂದರ ಪಕ್ಕ ಒಂದು ಇಟ್ಟರೆ ಗ್ರೀನ್‌ಲ್ಯಾಂಡಿನ ಬದುಕು ಬದಲಾದ ಕಥೆಯೇ ಕಾಣುತ್ತದೆ. 1926ರಲ್ಲಿ 25 ಓರೆ, 50 ಓರೆ ಮತ್ತು 1 ಕ್ರೋನದ ನಾಣ್ಯಗಳು ಬಂದವು, ಅವುಗಳ ಮೇಲೂ ಹಿಮಕರಡಿ. ಚಿಲ್ಲರೆಯ ಕೆಲಸ ನಾಣ್ಯಕ್ಕೆ ಹೋಯಿತು. ಕಾಗದದಲ್ಲಿ ಉಳಿದದ್ದು 5 ಕ್ರೋನರ್, ಅದರ ಜೊತೆಗೆ ಹೊಸದಾಗಿ ತಿಮಿಂಗಿಲದ ಚಿತ್ರವಿರುವ 10 ಕ್ರೋನರ್. ದೊಡ್ಡ ನೋಟು ಯಾಕೆ ಬೇಕಾಯಿತು? ಆ ಹೊತ್ತಿಗೆ ಸಮುದ್ರದ ನೀರು ಸ್ವಲ್ಪ ಬೆಚ್ಚಗಾಗಿ ಪಶ್ಚಿಮ ಕರಾವಳಿಗೆ ಕಾಡ್ ಮೀನು ಹಿಂಡುಹಿಂಡಾಗಿ ಬರತೊಡಗಿತ್ತು. ಸೀಲ್ ಕಡಿಮೆಯಾಗುತ್ತಿತ್ತು. ಬೇಟೆಗಾರ ನಿಧಾನವಾಗಿ ಮೀನುಗಾರನಾದ. ಸೀಲ್ ಸಿಕ್ಕರೆ ಮಾಂಸ ಮನೆಗೆ, ಕೊಬ್ಬು ಅಂಗಡಿಗೆ. ಆದರೆ ಕಾಡ್ ಹಿಡಿಯುವುದೇ ಮಾರುವುದಕ್ಕೆ. ನಗದು ಹೆಚ್ಚು ಓಡಾಡಲು ಇದೊಂದು ದೊಡ್ಡ ಕಾರಣ. 1940ರ ದಶಕದ ನಡುವಿಗೆ ಹಾಯಿ ಹಡಗಿನ ಚಿತ್ರದ 50 ಕ್ರೋನರ್ ನೋಟು ಬಂತು. 1953ರಲ್ಲಿ 100 ಕ್ರೋನರ್. ನಲವತ್ತು ವರ್ಷದಲ್ಲಿ ಅತಿ ದೊಡ್ಡ ನೋಟು ಇಪ್ಪತ್ತು ಪಟ್ಟು ಬೆಳೆಯಿತು.

ಆ 100 ಕ್ರೋನರ್ ನೋಟಿನ ಮೇಲಿರುವ ಮುಖ ಕ್ನುಡ್ ರಾಸ್ಮುಸೆನ್‌ನದು. 1879ರಲ್ಲಿ ಇಲುಲಿಸ್ಸಾಟ್ ಊರಿನಲ್ಲಿ ಹುಟ್ಟಿದವನು. ಆಗ ಆ ಊರಿಗೆ ಯಾಕೋಬ್ಸ್‌ಹಾವ್ನ್ ಎಂಬ ಡ್ಯಾನಿಶ್ ಹೆಸರಿತ್ತು. ತಂದೆ ಪಾದ್ರಿ. ತಾಯಿಯ ಕಡೆಯಿಂದ ಇನ್ಯೂಟ್, ಅಂದರೆ ಅಲ್ಲಿಯ ಮೂಲನಿವಾಸಿಗಳ ರಕ್ತ. ಅಲ್ಲಿಯ ಭಾಷೆ ಆಡುತ್ತಲೇ, ನಾಯಿಬಂಡಿ ಓಡಿಸುತ್ತಲೇ ಬೆಳೆದ. ಗ್ರೀನ್‌ಲ್ಯಾಂಡಿನಿಂದ ಅಲಾಸ್ಕಾದವರೆಗೆ ನಾಯಿಬಂಡಿಯಲ್ಲಿ ಹೋಗಿ ಇನ್ಯೂಟ್ ಜನರ ಕಥೆ, ನಂಬಿಕೆಗಳನ್ನು ಬರೆದಿಟ್ಟ 1921ರಿಂದ 1924ರ ಐದನೇ ಥುಲೆ ಯಾತ್ರೆ ಅವನದು.

ಸಂಗ್ರಾಹಕರಿಗೆ ಅವನ ಇನ್ನೊಂದು ಮುಖವೂ ಮುಖ್ಯ. ದ್ವೀಪದ ವಾಯವ್ಯ ತುದಿಯ ಥುಲೆ ಪ್ರದೇಶಕ್ಕೆ ಕೆಜಿಎಚ್ ಕೈ ಚಾಚಿರಲಿಲ್ಲ. 1910ರಲ್ಲಿ ರಾಸ್ಮುಸೆನ್ ಮತ್ತು ಪೀಟರ್ ಫ್ರಾಯ್ಕೆನ್ ಸೇರಿ ಅಲ್ಲಿ ತಮ್ಮದೇ ವ್ಯಾಪಾರ ಠಾಣೆ ತೆರೆದರು. ನರಿ ತುಪ್ಪಳದ ವ್ಯಾಪಾರದಿಂದ ಬಂದ ಹಣವೇ ಥುಲೆ ಯಾತ್ರೆಗಳ ಖರ್ಚಿಗೆ ಆಧಾರವಾಯಿತು. ಆ ಠಾಣೆಗೂ ತನ್ನದೇ ದುಡ್ಡಿತ್ತು, ಅಲ್ಯೂಮಿನಿಯಂ ಟೋಕನ್‌ಗಳು. 1937ರಲ್ಲಿ ಸರ್ಕಾರ ಆ ಠಾಣೆಯನ್ನು ತನ್ನ ಕೈಗೆ ತೆಗೆದುಕೊಂಡಿತು. ಅಂದರೆ ತಾನೇ ಒಂದು ಅಂಗಡಿ ಇಟ್ಟು ತನ್ನದೇ ಟೋಕನ್ ಓಡಿಸಿದ ಮನುಷ್ಯನ ಮುಖ, ಅವನು ತೀರಿಕೊಂಡ ಇಪ್ಪತ್ತು ವರ್ಷಕ್ಕೆ ದೊಡ್ಡ ಅಂಗಡಿಯ ಅತಿ ದೊಡ್ಡ ನೋಟಿನ ಮೇಲೆ ಬಂತು. ಥುಲೆ ಟೋಕನ್ನೂ 100 ಕ್ರೋನರ್ ನೋಟೂ ಒಂದೇ ಪುಟದಲ್ಲಿ ಇಟ್ಟಿರುವ ಆಲ್ಬಂ ಕಂಡರೆ, ಅದರ ಒಡೆಯನಿಗೆ ವಿಷಯ ಗೊತ್ತಿದೆ ಅಂತಲೇ ಅರ್ಥ.

ದಕ್ಷಿಣದಲ್ಲಿ ಇವಿಟ್ಟೂಟ್ ಎಂಬಲ್ಲಿ ಕ್ರಯೋಲೈಟ್ ಗಣಿ ಇತ್ತು. ಅಲ್ಯೂಮಿನಿಯಂ ತೆಗೆಯಲು ಬೇಕಾದ ಅಪರೂಪದ ಖನಿಜ ಅದು. ಆ ಗಣಿ ಕಂಪನಿಯೂ ಕೆಲಸಗಾರರಿಗಾಗಿ 1922ರಲ್ಲಿ ಟೋಕನ್ ಹೊರಡಿಸಿತ್ತು. ಅದೇ ಪ್ರಶ್ನೆ, ಯಾರ ಅಂಗಡಿ? ಗಣಿಯದು.

ಎರಡನೇ ಮಹಾಯುದ್ಧದಲ್ಲಿ ಈ ವ್ಯವಸ್ಥೆ ಅಲುಗಾಡಿತು. 1940ರ ಏಪ್ರಿಲ್ 9ರಂದು ಜರ್ಮನಿ ಡೆನ್ಮಾರ್ಕನ್ನು ಹಿಡಿಯಿತು. ಕೋಪನ್‌ಹೇಗನ್ ಜೊತೆಗಿನ ಕೊಂಡಿ ಕಡಿದುಹೋಯಿತು. ಸರಿಯಾಗಿ ಒಂದು ವರ್ಷದ ನಂತರ, ವಾಷಿಂಗ್ಟನ್‌ನಲ್ಲಿದ್ದ ಡ್ಯಾನಿಶ್ ರಾಯಭಾರಿ ಹೆನ್ರಿಕ್ ಕೌಫ್‌ಮನ್ ತನ್ನದೇ ಜವಾಬ್ದಾರಿಯಲ್ಲಿ ಅಮೆರಿಕದ ಜೊತೆ ರಕ್ಷಣಾ ಒಪ್ಪಂದಕ್ಕೆ ಸಹಿ ಹಾಕಿದ. ಅಮೆರಿಕದ ಸೈನಿಕರು ಬಂದರು, ವಿಮಾನ ನಿಲ್ದಾಣಗಳು ಎದ್ದವು, ಸಾಮಾನು ಅಮೆರಿಕದಿಂದ ಬರತೊಡಗಿತು. ಇವಿಟ್ಟೂಟ್‌ನ ಕ್ರಯೋಲೈಟ್ ಅತ್ತ ಹೋಯಿತು. 1944ರಲ್ಲಿ ಗ್ರೀನ್‌ಲ್ಯಾಂಡಿಗಾಗಿ 5 ಕ್ರೋನರ್‌ನ ಹಿತ್ತಾಳೆ ನಾಣ್ಯ ಟಂಕಿಸಿದ್ದು ಫಿಲಡೆಲ್ಫಿಯಾದಲ್ಲಿ. ನೋಟು ಸಂಗ್ರಹಿಸುವವರೂ ಈ ಒಂದು ನಾಣ್ಯಕ್ಕೆ ಜಾಗ ಕೊಡುತ್ತಾರೆ. ಕೊಡಬೇಕು ಕೂಡ. ಮುಚ್ಚಿದ ಅಂಗಡಿಯ ಬಾಗಿಲು ತೆರೆದುಕೊಂಡ ಕಾಲದ ಸಾಕ್ಷಿ ಅದು.

ಯುದ್ಧ ಮುಗಿದ ಮೇಲೆ ಹಳೆಯದಕ್ಕೆ ಹಿಂತಿರುಗುವುದು ಸಾಧ್ಯವಿರಲಿಲ್ಲ. 1950ರಲ್ಲಿ ಏಕಸ್ವಾಮ್ಯ ಹೋಯಿತು. ಆಡಳಿತ ಮತ್ತು ವ್ಯಾಪಾರ ಬೇರೆಯಾದವು. 1953ರ ಡ್ಯಾನಿಶ್ ಸಂವಿಧಾನ ಗ್ರೀನ್‌ಲ್ಯಾಂಡನ್ನು ವಸಾಹತು ಪಟ್ಟಿಯಿಂದ ತೆಗೆದು ಡೆನ್ಮಾರ್ಕಿನ ಒಂದು ಭಾಗವನ್ನಾಗಿ ಮಾಡಿತು. ಅದೇ ಹೊತ್ತಿಗೆ ಬಂದದ್ದು ಕೊನೆಯ ನೋಟು ಸರಣಿ: 5, 10, 50 ಮತ್ತು 100 ಕ್ರೋನರ್. ಈಗ ನೋಟಿನ ಮೇಲೆ ಆಡಳಿತ ಕಚೇರಿಯ ಹೆಸರಿಲ್ಲ, ಕೆಜಿಎಚ್ ಹೆಸರಿದೆ. 1967ರಲ್ಲಿ ಇವನ್ನೂ ಹಿಂತೆಗೆದುಕೊಂಡರು. ಅಂದಿನಿಂದ ಇಂದಿನವರೆಗೆ ಗ್ರೀನ್‌ಲ್ಯಾಂಡಿನಲ್ಲಿ ನಡೆಯುವುದು ಡೆನ್ಮಾರ್ಕಿನ ಮಾಮೂಲಿ ನೋಟು. ಫಾರೋ ದ್ವೀಪಗಳೂ ಡೆನ್ಮಾರ್ಕಿಗೆ ಸೇರಿದವೇ. ಆದರೆ ಅಲ್ಲಿ ಈಗಲೂ ಬೇರೆ ಚಿತ್ರದ ನೋಟುಗಳಿವೆ. ಗ್ರೀನ್‌ಲ್ಯಾಂಡಿಗೂ ಹಾಗೆ ಬೇರೆ ನೋಟು ಮಾಡುವ ಯೋಜನೆ 2000ದ ದಶಕದಲ್ಲಿ ಇತ್ತು. 2010ರ ಹೊತ್ತಿಗೆ ಅದನ್ನು ಕೈಬಿಟ್ಟರು.

ಸಂಗ್ರಾಹಕರು ಇದನ್ನು ಗಟ್ಟಿಯಾಗಿ ನೆನಪಿಟ್ಟುಕೊಳ್ಳಬೇಕು. 1967ರ ನಂತರದ ಇಸವಿ ಹೊತ್ತ 'ಗ್ರೀನ್‌ಲ್ಯಾಂಡ್ ನೋಟು' ನಿಮ್ಮ ಮುಂದೆ ಬಂದರೆ ಅದು ದುಡ್ಡಲ್ಲ. ಯಾರೋ ಖಾಸಗಿಯವರು ಚೆಂದಕ್ಕೆ ಅಚ್ಚು ಹಾಕಿಸಿದ್ದು. 'ಆರ್ಕ್ಟಿಕ್ ಟೆರಿಟರೀಸ್' ಹೆಸರಿನ ಪೋಲಾರ್ ಡಾಲರ್ ನೋಟುಗಳೂ ಆನ್‌ಲೈನ್‌ನಲ್ಲಿ ಬೇಕಾದಷ್ಟು ಸಿಗುತ್ತವೆ. ಹಿಮಕರಡಿ, ಪೆಂಗ್ವಿನ್, ಥಳಥಳ ಬಣ್ಣ. ಆ ಹೆಸರಿನ ಯಾವ ದೇಶವೂ ಇಲ್ಲ, ಆ ನೋಟು ಯಾವ ಅಂಗಡಿಯಲ್ಲೂ ನಡೆದಿಲ್ಲ. ಚಿತ್ರ ಇಷ್ಟವಾದರೆ ಕೊಳ್ಳಲು ಅಡ್ಡಿಯಿಲ್ಲ. ಆದರೆ ಹಳೆಯ ನೋಟು ಅಂತ ಕೊಳ್ಳಬೇಡಿ.

ನಾರ್ವೆಯ ಉತ್ತರಕ್ಕಿರುವ ಸ್ವಾಲ್‌ಬಾರ್ಡ್ ದ್ವೀಪಸಮೂಹದಲ್ಲೂ ಇದೇ ಬಗೆಯ ಕಥೆ ಇದೆ. ಅಲ್ಲಿ ಅಂಗಡಿಯ ಜಾಗದಲ್ಲಿ ಕಲ್ಲಿದ್ದಲು ಗಣಿ. 1916ರಲ್ಲಿ ಶುರುವಾದ ಸ್ಟೋರ್ ನೋರ್ಸ್ಕೆ ಎಂಬ ನಾರ್ವೆ ಕಂಪನಿ ಲಾಂಗಿಯರ್‌ಬೀನ್ ಊರಿನ ಕೆಲಸಗಾರರಿಗೆ ತನ್ನದೇ ನೋಟು ಕೊಡುತ್ತಿತ್ತು, 1980ರ ಹೊತ್ತಿನವರೆಗೂ. ಪಕ್ಕದ ಬಾರೆಂಟ್ಸ್‌ಬರ್ಗ್‌ನಲ್ಲಿ ಸೋವಿಯತ್ ಗಣಿ ಸಂಸ್ಥೆ ಆರ್ಕ್ಟಿಕ್‌ಉಗೋಲ್ 1946ರಲ್ಲಿ ತನ್ನದೇ ನಾಣ್ಯ ಹೊರಡಿಸಿತು, ಮುಂದೆ ಕಾಗದದ ಚೀಟಿಗಳನ್ನೂ. ಸೋವಿಯತ್ ಒಕ್ಕೂಟ ಮುರಿದ ಮೇಲೆ 1993ರಲ್ಲಿ ಅದೇ ಸಂಸ್ಥೆಯ ಹೊಸ ನಾಣ್ಯಗಳ ಮೇಲೆ ರಷ್ಯನ್ ಒಕ್ಕೂಟದ ಹೆಸರು ಬಂದಾಗ ನಾರ್ವೆ ತಕರಾರು ತೆಗೆಯಿತು. ನೆಲ ನಾರ್ವೆಯದು, ದುಡ್ಡಿನ ಮೇಲೆ ಇನ್ನೊಂದು ದೇಶದ ಹೆಸರು ಹೇಗೆ ಬಂತು ಎಂದು. ಅಂಗಡಿಯ ಚೀಟಿ ಎಲ್ಲಿ ಮುಗಿಯುತ್ತದೆ, ದೇಶದ ದುಡ್ಡು ಎಲ್ಲಿ ಶುರುವಾಗುತ್ತದೆ ಎಂಬ ಜಗಳ ಅದು. ಸ್ವಾಲ್‌ಬಾರ್ಡ್ ಮೇಲೆ ನಾರ್ವೆಯ ಹಕ್ಕನ್ನು ಒಪ್ಪಿದ 1920ರ ಒಪ್ಪಂದಕ್ಕೆ ಬ್ರಿಟಿಷ್ ಆಳ್ವಿಕೆಯ ಭಾರತದ ಪರವಾಗಿಯೂ ಸಹಿ ಬಿದ್ದಿತ್ತು. ನಮ್ಮ ಹಿಮಾದ್ರಿ ಸಂಶೋಧನಾ ಕೇಂದ್ರ 2008ರಿಂದ ಅಲ್ಲಿಯ ನ್ಯೂ ಓಲೆಸುಂಡ್‌ನಲ್ಲಿದೆ. ಆ ಊರೂ ಒಂದು ಕಾಲದ ಕಲ್ಲಿದ್ದಲು ಗಣಿಯ ಊರೇ.

ಇನ್ನು ಕೊಳ್ಳುವ ಮಾತು.

ಶುರು ಮಾಡುವವರಿಗೆ 1953ರ ಸರಣಿಯ 5 ಕ್ರೋನರ್ ಒಳ್ಳೆಯದು. ಆಮೇಲೆ 10. ಇವೆರಡೂ ಆಗಾಗ ಮಾರಾಟಕ್ಕೆ ಬರುತ್ತವೆ. 50 ಮತ್ತು 100 ದುಬಾರಿ. ಸಂಗ್ರಾಹಕರು ನೋಟುಗಳನ್ನು ಪಿಕ್ ಸಂಖ್ಯೆಯಿಂದ ಗುರುತಿಸುತ್ತಾರೆ. ಜರ್ಮನಿಯ ಆಲ್ಬರ್ಟ್ ಪಿಕ್ ಶುರು ಮಾಡಿದ ವಿಶ್ವ ನೋಟುಗಳ ಕ್ಯಾಟಲಾಗ್‌ನಿಂದ ಬಂದ ಕ್ರಮ ಇದು. ಗ್ರೀನ್‌ಲ್ಯಾಂಡಿನ 1953ರ ಸರಣಿಗೆ ಪಿಕ್ 18ರಿಂದ 21. ಮಾರುವವರು ಬರೀ 'ಹಳೇ ಕರಡಿ ನೋಟು' ಅಂದರೆ ಸಾಲದು, ಸಂಖ್ಯೆ ಕೇಳಿ. ಮೊದಲಲ್ಲಿ ಹೇಳಿದೆನಲ್ಲ, 5 ಕ್ರೋನರ್‌ನ 1953ರ ನೋಟಿನಲ್ಲೂ ಅದಕ್ಕೆ ಹಿಂದಿನದರಲ್ಲೂ ಅದೇ ಕರಡಿ. ಫೋಟೋದಲ್ಲಿ ಥಟ್ಟನೆ ಒಂದೇ ಥರ ಕಾಣುತ್ತವೆ. ಮೇಲಿನ ಸಾಲಿನಲ್ಲಿ ಆಡಳಿತ ಕಚೇರಿಯ ಹೆಸರಿದ್ದರೆ ಹಳೆಯದು, ವ್ಯಾಪಾರ ಸಂಸ್ಥೆಯ ಹೆಸರಿದ್ದರೆ 1953ರದು. ಬೆಲೆಯಲ್ಲಿ ವ್ಯತ್ಯಾಸ ಬರುವುದು ಆ ಒಂದು ಸಾಲಿನಿಂದ.

ಅಪರೂಪ ಯಾಕೆ ಅನ್ನುವುದು ಲೆಕ್ಕ ಹಾಕಿದರೆ ತಿಳಿಯುತ್ತದೆ. 1950ರಲ್ಲಿ ಗ್ರೀನ್‌ಲ್ಯಾಂಡಿನ ಜನಸಂಖ್ಯೆ ಸುಮಾರು 23,000. ನಮ್ಮ ಒಂದು ಸಣ್ಣ ತಾಲ್ಲೂಕು ಕೇಂದ್ರದಷ್ಟು. ಅಷ್ಟು ಜನಕ್ಕೆ ಎಷ್ಟು ನೋಟು ಬೇಕು? ಜೊತೆಗೆ ನೋಟು ಹೊರಟ ಅಂಗಡಿಗೇ ವಾಪಸ್ ಬರುತ್ತಿತ್ತು. ದೇಶ ಬಿಟ್ಟು ಹೋಗುವ ದಾರಿಯೇ ಕಡಿಮೆ. ಕೂಡಿಡುವಷ್ಟು ಹಣವೂ ಜನರ ಬಳಿ ಇರಲಿಲ್ಲ. ಸರಣಿ ಬದಲಾದಾಗ ಹಳೆಯದನ್ನು ಕೊಟ್ಟು ಹೊಸದನ್ನು ತೆಗೆದುಕೊಂಡರು. ಉಳಿದದ್ದು ಊರಿಗೆ ಮರಳಿದ ಅಧಿಕಾರಿಗಳು, ನಾವಿಕರು, ಸೈನಿಕರು ನೆನಪಿಗೆಂದು ಜೇಬಿಗೆ ಹಾಕಿಕೊಂಡದ್ದು ಇಷ್ಟೇ.

ಹಾಗಾಗಿ ಇಲ್ಲಿ ಸ್ಥಿತಿಯ ಬಗ್ಗೆ ಸ್ವಲ್ಪ ಉದಾರವಾಗಿರಬೇಕು. ಭಾರತದ ನೋಟು ಕೂಡಿಡುವವರು ಮಡಿಕೆಯೇ ಇಲ್ಲದ ಗರಿಗರಿ ನೋಟು ಕೇಳಿ ರೂಢಿ. ಇವು ಬೇಟೆಗಾರರ, ಮೀನುಗಾರರ ಕೈಯಲ್ಲಿ ಓಡಾಡಿದ ನೋಟು. ನಡುವೆ ಮಡಿಕೆ, ಮೂಲೆ ಸವೆತ, ಎಣ್ಣೆಯ ಕಲೆ ಇದ್ದರೆ ಅಚ್ಚರಿಯಿಲ್ಲ. ಅದು ಕುಂದಲ್ಲ, ನೋಟು ನಿಜವಾಗಿ ಕೆಲಸ ಮಾಡಿದ್ದರ ಗುರುತು ಎಂದೇ ನನ್ನ ಭಾವನೆ. ಅದಕ್ಕಿಂತ ಕೆಟ್ಟದ್ದು ತೊಳೆದು ಇಸ್ತ್ರಿ ಮಾಡಿದ ನೋಟು. ತೊಳೆದ ನೋಟಿನಲ್ಲಿ ಬಣ್ಣ ಮಂಕಾಗಿರುತ್ತದೆ, ಕಾಗದ ಬಟ್ಟೆಯ ಹಾಗೆ ಜೋತುಬೀಳುತ್ತದೆ. ಬೆಳಕಿಗೆ ಓರೆಯಾಗಿ ಹಿಡಿದರೆ ಒತ್ತಿ ನೇರ ಮಾಡಿದ ಮಡಿಕೆಯ ಗೆರೆ ಇನ್ನೂ ಕಾಣುತ್ತದೆ. ಸಣ್ಣ ತೂತುಗಳು ಸಾಲಾಗಿ ಇದ್ದರೆ ಅದು ರದ್ದು ಮಾಡಿದ ನೋಟು ಇರಬಹುದು. ಅದಕ್ಕೂ ಸಂಗ್ರಾಹಕರಿದ್ದಾರೆ, ಆದರೆ ಬೆಲೆ ಬೇರೆ.

ನಕಲಿ ಹಿಡಿಯಲು ಒಂದು ಸುಲಭ ಪರೀಕ್ಷೆ ಇದೆ. ಕಾಗದ ಬೆಳ್ಳಗೆ ಕಾಣಲೆಂದು ಸೇರಿಸುವ ಹೊಳಪಿನ ರಾಸಾಯನಿಕಗಳು ಬಳಕೆಗೆ ಬಂದದ್ದೇ ಎರಡನೇ ಮಹಾಯುದ್ಧದ ಆಸುಪಾಸಿನಿಂದ ಈಚೆಗೆ. ಅಂಥ ಕಾಗದಕ್ಕೆ ಅಲ್ಟ್ರಾವಯೊಲೆಟ್ ಟಾರ್ಚ್ ಬಿಟ್ಟರೆ ನೀಲಿಯಾಗಿ ಹೊಳೆಯುತ್ತದೆ. ಅಂಗಡಿಗಳಲ್ಲಿ 500ರ ನೋಟು ನೋಡಲು ಇಟ್ಟುಕೊಳ್ಳುವ ಅದೇ ಬಗೆಯ ದೀಪ. 1910ರ ದಶಕದ ಸೀಲ್ ನೋಟು ಅಂತ ಕೊಟ್ಟದ್ದು ಟಾರ್ಚಿನ ಕೆಳಗೆ ಹೊಸ ಜೆರಾಕ್ಸ್ ಹಾಳೆಯಂತೆ ಹೊಳೆದರೆ, ಹಿಂದಿರುಗಿಸಿ. 1953ರ ನೋಟಿಗೆ ಈ ಪರೀಕ್ಷೆ ಒಂದೇ ಸಾಲದು. ಅಲ್ಲಿ ಭೂತಗನ್ನಡಿ ಬೇಕು. ಕಂಪ್ಯೂಟರಿನಲ್ಲಿ ಮುದ್ರಿಸಿದ ನಕಲಿನಲ್ಲಿ ಗೆರೆಗಳು ಸಣ್ಣ ಸಣ್ಣ ಚುಕ್ಕೆಗಳಾಗಿ ಒಡೆಯುತ್ತವೆ. ಅಸಲಿಯಲ್ಲಿ ಗೆರೆ ಗೆರೆಯಾಗಿಯೇ ಉಳಿಯುತ್ತದೆ. ದುಬಾರಿ ನೋಟಾದರೆ ಪರಿಣಿತ ಸಂಸ್ಥೆ ಪರೀಕ್ಷಿಸಿ, 70ಕ್ಕೆ ಇಷ್ಟು ಎಂದು ಅಂಕ ಕೊಟ್ಟು, ಪ್ಲಾಸ್ಟಿಕ್ ಕವಚದಲ್ಲಿ ಮುಚ್ಚಿದ ನೋಟನ್ನೇ ಕೊಳ್ಳುವುದು ಕ್ಷೇಮ. ಅಗ್ಗದ ನೋಟಿಗೆ ಅಷ್ಟು ಖರ್ಚು ಬೇಡ.

ತಂದ ಮೇಲೆ ಕಾಪಾಡುವುದು ನಮ್ಮ ಹವೆಯಲ್ಲಿ ದೊಡ್ಡ ಕೆಲಸ. ಆರ್ಕ್ಟಿಕ್‌ನ ಒಣ ಚಳಿಯಲ್ಲಿ ಬದುಕಿದ ಕಾಗದ ಇದು. ಮಂಗಳೂರಿನ ಜುಲೈ ತಿಂಗಳು ಅದಕ್ಕೆ ಶತ್ರು. ಲ್ಯಾಮಿನೇಶನ್ ಮಾತ್ರ ಯಾವ ಕಾರಣಕ್ಕೂ ಮಾಡಿಸಬೇಡಿ, ಮಾಡಿಸಿದ ಕ್ಷಣದಿಂದ ಅದು ಸಂಗ್ರಾಹಕರಿಗೆ ಬೇಡದ ವಸ್ತು. ಸೆಲ್ಲೋಟೇಪೂ ಬೇಡ. ಫ್ಯಾನ್ಸಿ ಅಂಗಡಿಯ ಮೆತ್ತನೆಯ ಪಿವಿಸಿ ಆಲ್ಬಂ ಕವರುಗಳು ಕಾಲ ಕಳೆದಂತೆ ಅಂಟಂಟಾಗಿ ನೋಟಿಗೆ ಹತ್ತಿಕೊಳ್ಳುತ್ತವೆ. ಪಾಲಿಯೆಸ್ಟರ್ ಕವರು ಸ್ವಲ್ಪ ದುಬಾರಿ, ಆದರೆ ಅದೇ ಸರಿ. ಡಬ್ಬಿಯೊಳಗೆ ಸಿಲಿಕಾ ಜೆಲ್ ಚೀಟಿ ಇಡಿ, ಮಳೆಗಾಲದಲ್ಲಿ ಬದಲಿಸುತ್ತಿರಿ. ಆಲ್ಬಂ ಅನ್ನು ಹೊರಗೋಡೆಗೆ ತಾಗಿದ ಕಪಾಟಿನಲ್ಲಿ ಇಡಬೇಡಿ, ಅಲ್ಲಿ ತೇವ ಜಾಸ್ತಿ. ಕಾಗದ ತಿನ್ನುವ ಬೆಳ್ಳಿಹುಳ ಬಂದಿದೆಯಾ ಅಂತ ಆಗಾಗ ಪುಟ ತಿರುವಿ ನೋಡಿ.

ಪ್ರತಿ ನೋಟಿನ ಜೊತೆ ಒಂದು ಚೀಟಿ ಇಡುವುದು ಒಳ್ಳೆಯದು. ಪಿಕ್ ಸಂಖ್ಯೆ, ನೋಟಿನ ಕ್ರಮಸಂಖ್ಯೆ, ಎಲ್ಲಿ ಕೊಂಡದ್ದು, ಹಿಂದಿನವರಿಗೆ ಅದು ಯಾರಿಂದ ಬಂತು ಎಂಬುದು ಗೊತ್ತಿದ್ದರೆ ಅದೂ. ಮೊದಲ ಸಾಲಿನಲ್ಲೇ ಹೊರಡಿಸಿದವರ ಹೆಸರು ಬರೆಯಿರಿ: ಆಡಳಿತ ಕಚೇರಿಯೋ, ಕೆಜಿಎಚ್ಚೋ, ಥುಲೆ ಠಾಣೆಯೋ, ಗಣಿ ಕಂಪನಿಯೋ. ಪೆನ್ಸಿಲಿನಲ್ಲೇ ಬರೆಯಿರಿ. ಶಾಯಿ ಮಳೆಗಾಲದಲ್ಲಿ ಹರಡುತ್ತದೆ.